ನಾಲ್ಕು ಬೆರಳು ಎಣ್ಣೆ

ಡೀಸೆಲ್ ಅಳೆಯುವ ಕೋಲು ಟ್ಯಾಂಕಿನೊಳಗೆ ಅರ್ಧ ಇಳಿದಿತ್ತು, ಅಷ್ಟರಲ್ಲಿ ಮೇಲಿನಿಂದ ಭಾವ ಕೂಗಿದರು. "ಪುಟ್ಟಾ! ಫೋನು! ಬೇಗ ಬಾರೋ!"

ನಡುಸಮುದ್ರದಲ್ಲಿ ಹೊತ್ತಲ್ಲದ ಹೊತ್ತಿಗೆ ಫೋನು ಬಂದರೆ ಅದು ಕ್ಷೇಮಸಮಾಚಾರಕ್ಕಲ್ಲ ಎಂದು ಪುಟ್ಟನಿಗೆ ಗೊತ್ತಿತ್ತು. ಆದರೂ ಮೂವತ್ತು ವರ್ಷ ಇಂಜಿನ್ನಿನ ಜೊತೆ ಸಂಸಾರ ಮಾಡಿದ ಕೈ ತನ್ನ ಪಾಡಿಗೆ ತಾನು ಕೆಲಸ ಮುಗಿಸಿತು. ಕೋಲನ್ನು ಪೂರ್ತಿ ಇಳಿಸಿ, ಮೇಲೆತ್ತಿ, ಎಣ್ಣೆ ಎಲ್ಲಿಯವರೆಗೆ ಒದ್ದೆ ಮಾಡಿದೆ ಎಂದು ನೋಡಿ, ಬಟ್ಟೆಯಿಂದ ಒರೆಸಿ ಕೊಕ್ಕೆಗೆ ಹಾಕಿ, ಟ್ಯಾಂಕಿನ ಮುಚ್ಚಳ ಬಿಗಿದು, ಆಮೇಲೆಯೇ ಅವನು ಏಣಿ ಹತ್ತಿದ್ದು.

ಪುಟ್ಟನಿಗೆ ಐವತ್ತೆರಡು ವರ್ಷ. ತಲೆಯಲ್ಲಿ ಉಳಿದಿದ್ದ ನಾಲ್ಕು ಕೂದಲೂ ಬೆಳ್ಳಗಾಗಿದ್ದವು. ಅಮ್ಮ ತೀರಿಕೊಂಡಾಗ ಆರು ವರ್ಷದವನಾಗಿದ್ದ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ್ದು ಅಕ್ಕ. ಅವಳು ಪುಟ್ಟ ಎಂದು ಕರೆದಳು, ಅವಳ ಗಂಡ ಪುಟ್ಟ ಎಂದು ಕರೆದರು, ಕೊನೆಗೆ ಅವರು ಕೆಲಸ ಮಾಡುವ ಯಾಟಿನ, ಎಂದರೆ ವಿಹಾರದೋಣಿಯ, ಧಣಿಯೂ ಹಾಗೆಯೇ ಕರೆಯತೊಡಗಿದ. ಧಣಿಗೆ ಬೇಸಿಗೆಯಲ್ಲಿ ಸಮುದ್ರದ ಈ ದಡ ಬೇಕು, ಚಳಿಗಾಲದಲ್ಲಿ ಆ ದಡ ಬೇಕು. ಅವನು ವಿಮಾನದಲ್ಲಿ ಹಾರುತ್ತಾನೆ. ಅವನ ಎಪ್ಪತ್ತೈದು ಅಡಿಯ ಮೋಟಾರು ಯಾಟನ್ನು ವರ್ಷಕ್ಕೆರಡು ಸಲ ದಾಟಿಸುವವರು ಭಾವ ಮತ್ತು ಪುಟ್ಟ. ಭಾವ ಕ್ಯಾಪ್ಟನ್, ಪುಟ್ಟ ಇಂಜಿನಿಯರ್. ಹನ್ನೊಂದು ವರ್ಷದಿಂದ ಇದೇ ದೋಣಿ. ಮೊದಲ ಒಂಬತ್ತು ವರ್ಷ ಅಕ್ಕನೂ ಜೊತೆಗೆ ಬರುತ್ತಿದ್ದಳು. ಅಡುಗೆ ಅವಳದು, ಪಹರೆಯಲ್ಲಿ ಒಂದು ಪಾಳಿ ಅವಳದು, ಇಬ್ಬರನ್ನೂ ಗೋಳು ಹೊಯ್ದುಕೊಳ್ಳುವುದೂ ಅವಳದೇ. ಎರಡು ವರ್ಷದ ಕೆಳಗೆ ಕಾಯಿಲೆ ಅವಳನ್ನು ದಡದಲ್ಲೇ ಕೂರಿಸಿತ್ತು.

ಫೋನಿನಲ್ಲಿ ಅಕ್ಕನ ಮಗಳು. ಉಪಗ್ರಹದ ಮೂಲಕ ಬರುವ ಮಾತು ಒಂದು ಗಳಿಗೆ ತಡವಾಗಿ ಕಿವಿಗೆ ಬೀಳುತ್ತಿತ್ತು.

"ಅಪ್ಪ ಮಾತೇ ಆಡ್ತಿಲ್ಲ, ಅದಕ್ಕೇ ನಿಮ್ಮನ್ನ ಕರೀರಿ ಅಂದೆ ಮಾಮ. ಅಮ್ಮನ ಶ್ವಾಸಕೋಶದಲ್ಲಿ ನೀರು ತುಂಬ್ಕೊಂಡಿದೆ. ಡಾಕ್ಟರು ಒಂದು ವಾರ ಅಂತಿದಾರೆ. ಹೆಚ್ಚು ಅಂದ್ರೆ ವಾರ. ಬೇಗ ಬನ್ನಿ ಮಾಮ, ನನ್ನ ಕೈಲಿ ಒಬ್ಬಳೇ ಆಗಲ್ಲ."

"ಬರ್ತೀವಮ್ಮ. ಅಕ್ಕನಿಗೆ ಹೇಳು, ಬರ್ತಾ ಇದೀವಿ ಅಂತ." ಪುಟ್ಟ ಫೋನು ಇಟ್ಟ.

ಭಾವ ಚುಕ್ಕಾಣಿಯ ಹಿಂದೆ ನಿಂತಿದ್ದರು. ಬೆನ್ನು ಈ ಕಡೆ, ಮುಖ ಸಮುದ್ರದ ಕಡೆ. ನೀರು ಆ ದಿನ ಹಾಸಿದ ಚಾಪೆಯ ಹಾಗೆ ಬಿದ್ದುಕೊಂಡಿತ್ತು.

"ಎಷ್ಟಿದೆ?" ಎಂದು ಕೇಳಿದರು, ತಿರುಗದೆ.

"ಏಳು ಸಾವಿರ ಲೀಟರ್," ಎಂದ ಪುಟ್ಟ. "ದೂರ?"

"ಸಾವಿರದ ಐನೂರ ಅರವತ್ತು ಮೈಲು." ಭಾವ ನಕ್ಷೆಯ ಪರದೆಯ ಕಡೆ ಬೆರಳು ತೋರಿಸಿದರು. ಅಂಕಿ ಅಲ್ಲಿ ಹಸಿರು ಬಣ್ಣದಲ್ಲಿ ಹೊಳೆಯುತ್ತಿತ್ತು.

ಸಮುದ್ರ ದಾಟುವವರ ಲೆಕ್ಕ ರಸ್ತೆಯ ಮೇಲೆ ಓಡಾಡುವವರಿಗೆ ಅರ್ಥವಾಗುವುದು ಸ್ವಲ್ಪ ಕಷ್ಟ. ರಸ್ತೆಯಲ್ಲಾದರೆ ಅವಸರವಿದ್ದವನು ಪೆಡಲು ತುಳಿಯುತ್ತಾನೆ, ಎಣ್ಣೆ ಮುಗಿದರೆ ಬಂಕಿನಲ್ಲಿ ನಿಲ್ಲಿಸುತ್ತಾನೆ. ಇಲ್ಲಿ ಬಂಕಿಲ್ಲ. ವೇಗವನ್ನು ಒಂದಿಷ್ಟು ಹೆಚ್ಚಿಸಿದರೆ ಇಂಜಿನ್ನಿನ ಬಾಯಾರಿಕೆ ಎರಡರಷ್ಟು ಹೆಚ್ಚುತ್ತದೆ. ಈ ದೋಣಿ ಗಂಟೆಗೆ ಏಳು ಮೈಲಿನಂತೆ ಹೋದರೆ, ಎಂದರೆ ಏಳು ನಾಟ್, ಗಂಟೆಗೆ ಇಪ್ಪತ್ತನಾಲ್ಕು ಲೀಟರ್ ಕುಡಿಯುತ್ತದೆ. ಎಂಟಕ್ಕೆ ಮೂವತ್ತೈದು. ಎಂಟೂವರೆಗೆ ನಲವತ್ತೊಂದು. ಹತ್ತಕ್ಕೆ ಎಪ್ಪತ್ತು. ಐದು ದಿನದಿಂದ ಅವರು ಏಳರಲ್ಲೇ, ಎಮ್ಮೆ ಹೊಡೆದುಕೊಂಡು ಹೋಗುವವರ ಹಾಗೆ, ಬರುತ್ತಿದ್ದರು. ದೂರ ಹೋಗಬೇಕಾದವರು ಹಾಗೆಯೇ ಹೋಗುವುದು.

"ಎಂಟೂವರೆ?" ಎಂದರು ಭಾವ.

ಪುಟ್ಟ ಪೆನ್ಸಿಲು ಮುಟ್ಟಬೇಕಾಗಿರಲಿಲ್ಲ. ಆದರೂ ಮುಟ್ಟಿದ. "ಐನೂರು ಲೀಟರ್ ಕಮ್ಮಿ ಬೀಳುತ್ತೆ ಭಾವ. ದಡಕ್ಕೆ ನೂರು ಮೈಲಿ ಇರೋವಾಗ ನಿಲ್ತೀವಿ."

"ಎಂಟು?"

"ಎಂಟಾದ್ರೆ ಮುಟ್ತೀವಿ. ಆದ್ರೆ ಇನ್ನೂರು ಲೀಟರೂ ಉಳಿಯಲ್ಲ."

"ಸರಿ, ಎಂಟು," ಎಂದರು ಭಾವ ತಕ್ಷಣ.

ಪುಟ್ಟನಿಗೆ ಆಶ್ಚರ್ಯವಾಯಿತು. ಸಾವಿರ ಲೀಟರ್ ಮಿಗದಿದ್ದರೆ ಹಗ್ಗ ಬಿಚ್ಚಲು ಒಪ್ಪದ ಮನುಷ್ಯ ಇವರು. ದುಃಖಕ್ಕೆ ಧೈರ್ಯ ಬಂದಿರಬೇಕು ಎಂದುಕೊಂಡ. ಎಣ್ಣೆಯ ವಿಷಯದಲ್ಲಿ ಜಿಪುಣನೆಂದು ಹೆಸರಾದ ತಾನು ಕಮಕ್ ಕಿಮಕ್ ಅನ್ನದೆ ಒಪ್ಪಿದ್ದನ್ನು ಕಂಡು ಭಾವನೂ ಒಮ್ಮೆ ತಿರುಗಿ ನೋಡಿದರು ಎಂಬುದು ಅವನಿಗೆ ಬಹಳ ಆಮೇಲೆ ನೆನಪಾಯಿತು.

ಕೆಳಗಿಳಿದು ಥ್ರಾಟಲ್ ತಳ್ಳಿ ವೇಗ ಏರಿಸಿದ. ಇಂಜಿನ್ನಿನ ಸದ್ದು ಒಂದು ಸ್ವರ ಮೇಲೆ ಹೋಯಿತು. ಆಮೇಲೆ ಅವನು ಟ್ಯಾಂಕಿಗೆ ಒರಗಿ ಕೂತು, ಕೊಕ್ಕೆಯಲ್ಲಿ ತೂಗುತ್ತಿದ್ದ ಕೋಲನ್ನು ನೋಡಿದ. ಆ ಕೋಲು ಸುಳ್ಳು ಹೇಳುವ ಕೋಲು.

ಅದರ ಮೇಲೆ ಗೀರು ಹಾಕಿದವನು ಅವನೇ. ಪ್ರತಿ ಗೀರನ್ನೂ ಇರಬೇಕಾದ ಜಾಗಕ್ಕಿಂತ ನಾಲ್ಕು ಬೆರಳು ಮೇಲೆ ಕೊರೆದಿದ್ದ. ಹಾಗಾಗಿ ಕೋಲು ಯಾವಾಗಲೂ ಇರುವುದಕ್ಕಿಂತ ಕಡಿಮೆ ಎಣ್ಣೆ ತೋರಿಸುತ್ತಿತ್ತು. ಒಂದೊಂದು ಟ್ಯಾಂಕಿಗೆ ನಾನೂರು ಲೀಟರ್, ಎರಡಕ್ಕೆ ಎಂಟುನೂರು. ನಿಜ ಹೇಳುವ ಇನ್ನೊಂದು ಕೋಲು ಪೈಪುಗಳ ಹಿಂದೆ ಬಟ್ಟೆ ಸುತ್ತಿಕೊಂಡು ಮಲಗಿತ್ತು. ಟ್ಯಾಂಕಿಗೆ ಗಾಜಿನ ಮಾಪಕವೇನೋ ಇತ್ತು, ಆದರೆ ಅಲೆಯ ಮೇಲೆ ಅದು ಕುಣಿಯುತ್ತಿದ್ದರಿಂದ ಅದನ್ನು ಯಾರೂ ನಂಬುತ್ತಿರಲಿಲ್ಲ. ಭಾವ ನಂಬುತ್ತಿದ್ದುದು ಪುಟ್ಟನ ಬಾಯಿ ಮಾತನ್ನು. ಎಣ್ಣೆ ಪುಟ್ಟನದು, ನಕ್ಷೆ ಭಾವನದು. ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಮೂಗು ತೂರಿಸಬಾರದು. ಹನ್ನೊಂದು ವರ್ಷದಲ್ಲಿ ಭಾವ ಒಮ್ಮೆಯೂ ಟ್ಯಾಂಕಿಗೆ ಕೋಲು ಇಳಿಸಿರಲಿಲ್ಲ, ಪುಟ್ಟ ಒಮ್ಮೆಯೂ ನಕ್ಷೆಯ ಮೇಲೆ ಬೆರಳಿಟ್ಟಿರಲಿಲ್ಲ.

ಹೀಗೆ ಕದ್ದಿಡುವುದು ದ್ರೋಹವೇನಲ್ಲ. ಒಳ್ಳೆಯ ಇಂಜಿನಿಯರ್ ಪ್ರತಿಯೊಬ್ಬನೂ ಕ್ಯಾಪ್ಟನ್ನನಿಗೆ ಹೇಳದ ಒಂದು ಗಂಟನ್ನು ಇಟ್ಟುಕೊಂಡಿರುತ್ತಾನೆ. ಆದರೆ ಪುಟ್ಟ ಇಟ್ಟುಕೊಂಡದ್ದಕ್ಕೆ ಬೇರೆ ಕಾರಣವಿತ್ತು. ಈ ದೋಣಿಗೆ ಬರುವ ಮೊದಲು, ಇನ್ನೊಬ್ಬ ಧಣಿಯ ದೋಣಿಯಲ್ಲಿ, ಎದುರುಗಾಳಿಗೆ ಸಿಕ್ಕಿ ಎಣ್ಣೆ ಖಾಲಿಯಾಗಿ ಅವರು ಮೂವರೂ ನಾಲ್ಕು ದಿನ ನೀರಿನ ಮೇಲೆ ತೇಲಿದ್ದರು. ಇಂಜಿನ್ ಇಲ್ಲದ ದೋಣಿಯನ್ನು ಅಲೆ ಅಡ್ಡ ತಿರುಗಿಸಿ ಉರುಳಾಡಿಸುತ್ತದೆ. ಅಕ್ಕ ವಾಂತಿ ಮಾಡಿ ಮಾಡಿ, ಕೊನೆಯ ದಿನ ಎದ್ದು ಕೂರಲೂ ಆಗದೆ, ನೀರಿನ ಲೋಟವನ್ನು ಇವರಿಬ್ಬರ ಕಡೆಗೇ ತಳ್ಳುತ್ತಿದ್ದಳು. ಅಕ್ಕನನ್ನು ಇನ್ನೊಮ್ಮೆ ಹಾಗೆ ನೋಡಬಾರದು ಎಂದು ಪುಟ್ಟ ಆಗಲೇ ನಿಶ್ಚಯ ಮಾಡಿಕೊಂಡಿದ್ದ.

ಅವನು ಗೀರು ಕೊರೆಯುವಾಗ ಅಕ್ಕ ಹಿಡಿದುಬಿಟ್ಟಿದ್ದಳು. ಕಾಫಿ ತಂದವಳು ಏಣಿಯ ಮೇಲೇ ನಿಂತು, ಎರಡು ಕೋಲನ್ನೂ ನೋಡಿ, ಒಂದು ನಿಮಿಷದಲ್ಲಿ ಎಲ್ಲ ಅರ್ಥ ಮಾಡಿಕೊಂಡಿದ್ದಳು. "ಭಾವನಿಗೆ ಹೇಳಬೇಡ ಅಕ್ಕ, ನಿನ್ನಾಣೆ," ಎಂದಿದ್ದ. ಅವಳು ನಕ್ಕು ನಕ್ಕು ಕಾಫಿ ಚೆಲ್ಲಿದಳು. "ನಾನ್ಯಾಕೆ ಹೇಳ್ಲಿ? ಇಬ್ಬರೂ ಸರಿಯಾಗಿದೀರ. ನಿಮ್ಮಿಬ್ಬರ ಹೆದರಿಕೆ ಒಟ್ಟು ಸೇರಿಸಿದ್ರೆ ಇನ್ನೊಂದು ಊರು ಮುಟ್ಟಬಹುದು." ಇಬ್ಬರದು ಎಂದು ಯಾಕೆ ಅಂದಳು ಎಂದು ಪುಟ್ಟ ಆಗ ಕೇಳಲಿಲ್ಲ. ಅಕ್ಕ ಏನಾದರೊಂದು ಅನ್ನುತ್ತಲೇ ಇರುತ್ತಾಳೆ ಎಂದುಕೊಂಡ.

ಈಗ ಅವನು ಗುಟ್ಟಿನ ಎಂಟುನೂರನ್ನೂ ಸೇರಿಸಿ ಲೆಕ್ಕ ಹಾಕಿದ. ಎಂಟೂವರೆಯಲ್ಲಿ ಹೋದರೆ ದಡದ ಹೊತ್ತಿಗೆ ಇನ್ನೂರ ಎಪ್ಪತ್ತು ಲೀಟರ್ ಉಳಿಯಬೇಕು. ಆದರೆ ತಳದ ಮುನ್ನೂರು ಲೀಟರ್ ಬರೀ ಕೆಸರು. ಪೈಪು ಅದನ್ನು ಹೀರಿದರೆ ಇಂಜಿನ್ ಉಸಿರು ಕಟ್ಟಿ ನಿಲ್ಲುತ್ತದೆ. ಮತ್ತೆ ಮತ್ತೆ ಹಾಕಿದ. ಮತ್ತೆ ಮತ್ತೆ ಅಷ್ಟೇ ಬಂತು. ಭಾವನಿಗೆ ಹೇಳಿದರೆ, ಹೆಂಡತಿ ಆಸ್ಪತ್ರೆಯಲ್ಲಿರುವ ಗಂಡಸು, "ಹೊಡಿ" ಎಂದೇ ಅನ್ನುತ್ತಾರೆ. ಆಮೇಲೆ ದಡ ಕಣ್ಣಿಗೆ ಬೀಳುವ ಮುಂಚೆ ಇಂಜಿನ್ ನಿಂತು, ಅಕ್ಕ ಬಾಗಿಲು ನೋಡುತ್ತ ಮಲಗಿರುವಾಗ ಇವರು ನೀರಿನ ಮೇಲೆ ಉರುಳಾಡುತ್ತಿರಬೇಕು. ಅದಕ್ಕಿಂತ ಎಂಟೇ ವಾಸಿ. ಹತ್ತು ಗಂಟೆ ತಡವಾದರೂ ಮುಟ್ಟುವುದು ಖಂಡಿತ. ಪುಟ್ಟ ಬಾಯಿಗೆ ಬೀಗ ಹಾಕಿಕೊಂಡ.

ಆಮೇಲಿನ ದಿನಗಳಲ್ಲಿ ಅವರಿಬ್ಬರೂ ಹತ್ತರಲ್ಲೊಂದು ನಾಟ್ ವೇಗಕ್ಕಾಗಿ ಪಟ್ಟ ಪಾಡು ಅಷ್ಟಿಷ್ಟಲ್ಲ. ತೂಕ ಇಳಿಸಲು ಕುಡಿಯುವ ನೀರಿನಲ್ಲಿ ಅರ್ಧವನ್ನು ಸಮುದ್ರಕ್ಕೆ ಬಿಟ್ಟರು. ಜನರೇಟರನ್ನು ಫೋನು ಚಾರ್ಜಿಗೆ ಮಾತ್ರ ಹಾಕಿದರು. ಫ್ರಿಜ್ಜಿನಲ್ಲಿದ್ದದ್ದು ಕೆಟ್ಟಿತು, ಒಣ ಬ್ರೆಡ್ಡು ತಿಂದರು. ದೋಣಿ ಹೊಯ್ದಾಡದಂತೆ ನೀರಿನೊಳಗೆ ಹಿಡಿಯುವ ರೆಕ್ಕೆಗಳನ್ನು ಮಡಚಿಬಿಟ್ಟರು, ಅವು ವೇಗ ತಿನ್ನುತ್ತವೆ ಎಂದು. ಅದರಿಂದ ನಿಂತಲ್ಲಿ ನಿಲ್ಲಲಾಗದೆ ಇಬ್ಬರ ಮೊಣಕೈ ಮೊಣಕಾಲೂ ನೀಲಿಗಟ್ಟಿದವು. ಒಬ್ಬ ಎಂಟುನೂರು ಲೀಟರ್ ಎಣ್ಣೆಯ ಪಕ್ಕದಲ್ಲಿ ಕೂತು ದೀಪದ ಬಲ್ಬು ಬಿಚ್ಚಿಡುತ್ತಿದ್ದ. ನಗು ಬರಬೇಕಾದ ಕೆಲಸವೇ. ಅಕ್ಕ ಇದ್ದಿದ್ದರೆ ನಗುತ್ತಿದ್ದಳು ಕೂಡ.

ಭಾವ ಪ್ರತಿದಿನ ಗಡ್ಡ ಹೆರೆದುಕೊಳ್ಳತೊಡಗಿದರು. ಸಮುದ್ರದ ಮೇಲೆ ಎಂದೂ ಹಾಗೆ ಮಾಡಿದವರಲ್ಲ.

"ದಡ ಮುಟ್ಟೋ ದಿನ ಮಾಡ್ಕೊಂಡ್ರೆ ಸಾಲದಾ?" ಎಂದ ಪುಟ್ಟ.

"ಅವಳಿಗೆ ಗಡ್ಡ ಕಂಡ್ರೆ ಆಗಲ್ಲ ಕಣೋ. ಆ ದಿನ ಕೈ ನಡುಗಿ ಕುಯ್ಕೊಂಡ್ರೆ? ಈಗಿಂದ ಅಭ್ಯಾಸ ಇರಲಿ."

ನಾಲ್ಕನೆಯ ದಿನ ಮಧ್ಯಾಹ್ನ ಪುಟ್ಟನಿಗೆ ತಡೆಯಲಾಗಲಿಲ್ಲ. ಸಮುದ್ರ ಇನ್ನೂ ಸುಮ್ಮನಿತ್ತು, ಎದುರುಗಾಳಿಯ ಸುಳಿವಿರಲಿಲ್ಲ. ಹೇಳಿಯೇ ಬಿಡುತ್ತೇನೆ, ಬೈದರೆ ಬೈಯಲಿ ಎಂದು ಏಣಿ ಹತ್ತಿದ. ಭಾವ ನಕ್ಷೆಯ ಪರದೆಯ ಮುಂದೆ, ಬೆರಳನ್ನು ಅದರ ಹತ್ತಿರ ಹಿಡಿದುಕೊಂಡು, ಏನನ್ನೋ ಯೋಚಿಸುತ್ತ ನಿಂತಿದ್ದರು. ಇಬ್ಬರೂ ಒಟ್ಟಿಗೆ ಬಾಯಿ ತೆರೆದರು.

"ಭಾವ..."

"ಪುಟ್ಟಾ..."

"ನೀವೇ ಹೇಳಿ."

"ಏನಿಲ್ಲ. ನಾಳೆ ಗಾಳಿ ತಿರುಗಬಹುದೇನೋ ಅಂತ. ನಿಂದೇನು?"

"ನಂದೂ ಏನಿಲ್ಲ. ಫಿಲ್ಟರ್ ಬದಲಾಯಿಸ್ತೀನಿ, ಐದು ನಿಮಿಷ ಸದ್ದು ಇಳಿಯುತ್ತೆ ಅಂತ."

ಗಾಳಿ ತಿರುಗಿದರೆ ಆ ಎಂಟುನೂರೇ ಗತಿ. ಪುಟ್ಟ ಮತ್ತೆ ಇಳಿದು ಹೋಗಿ, ಬದಲಾಯಿಸುವ ಅಗತ್ಯವಿಲ್ಲದ ಫಿಲ್ಟರನ್ನು ಬದಲಾಯಿಸಿದ. ಗಾಳಿ ತಿರುಗಲಿಲ್ಲ.

ಮಧ್ಯಾಹ್ನಕ್ಕೊಮ್ಮೆ ಅಕ್ಕನ ಮಗಳಿಗೆ ಫೋನು ಮಾಡುತ್ತಿದ್ದರು. ದಡಕ್ಕೆ ಇನ್ನು ಎರಡು ದಿನ ಇರುವಾಗ ಅವಳ ದನಿ ಸ್ವಲ್ಪ ಗೆಲುವಾಗಿತ್ತು. "ಇವತ್ತು ಅಮ್ಮ ಮಾತಾಡಿದ್ಲು ಮಾಮ. ನಿಮ್ಮಿಬ್ಬರನ್ನೂ ಕೇಳಿದ್ಲು. ಎಷ್ಟು ವೇಗದಲ್ಲಿ ಬರ್ತಿದಾರೆ ಅಂದ್ಲು. ಎಂಟು ಅಂತೆ ಅಂದೆ."

"ಏನಂದ್ಲು?"

"ಏನೇನೋ... ಅರ್ಥ ಆಗಲಿಲ್ಲ. ಜ್ವರ ಇದೆಯಲ್ಲ. ನೀವು ಬನ್ನಿ, ಆಮೇಲೆ ಹೇಳ್ತೀನಿ." ಅಷ್ಟರಲ್ಲಿ ನರ್ಸು ಕರೆದಳೆಂದು ಫೋನಿಟ್ಟಳು.

ಕೊನೆಯ ದಿನ ಬೆಳಿಗ್ಗೆ ಆರಕ್ಕೆ ಪುಟ್ಟ ಪಹರೆ ಬದಲಾಯಿಸಲು ಮೇಲೆ ಬಂದಾಗ ಭಾವ ಆಗಲೇ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದರು. ಪರದೆಯ ಮೇಲೆ ಇನ್ನೂ ನೂರ ಎಂಬತ್ನಾಲ್ಕು ಮೈಲಿ ಇತ್ತು. ಎಂದರೆ ಸುಮಾರು ಒಂದು ದಿನದ ದಾರಿ. ಈಗಲೇ ಅಂಗಿ ಯಾಕೆ ಎಂದು ಪುಟ್ಟ ಕೇಳಬೇಕೆಂದಿದ್ದ. ಭಾವ ಅವನನ್ನು ನೋಡದೆ ಪರದೆಯ ಮೇಲೆ ಬೆರಳಿಟ್ಟರು. ದಾರಿಯ ಕೊನೆಯ ಗುರುತು ಅವರ ಬಂದರಿನಲ್ಲಿ ಇರಲೇ ಇಲ್ಲ. ಅದನ್ನು ದಾಟಿ, ದಡದುದ್ದಕ್ಕೂ ಮುಂದೆ ಹೋಗಿ, ಬೇರೆಯೇ ಒಂದು ಊರಿನ ಮುಂದೆ ಕೂತಿತ್ತು. ಭಾವ ಅದನ್ನು ಎಳೆದು ತಂದು ತಮ್ಮ ಬಂದರಿನ ಬಾಯಲ್ಲಿ ಬಿಟ್ಟರು. ನೂರ ಎಂಬತ್ನಾಲ್ಕು ಇದ್ದದ್ದು ಅರವತ್ನಾಲ್ಕಾಯಿತು.

ಪುಟ್ಟನಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ.

"ಇನ್ನು ಅರವತ್ನಾಲ್ಕೇ," ಎಂದರು ಭಾವ. "ಎಣ್ಣೆ ಬೇಕಾದಷ್ಟಿದೆ. ಹತ್ತಕ್ಕೆ ಏರಿಸು."

"ಇದು... ಯಾವಾಗಿಂದ ಭಾವ?"

"ಯಾವಾಗ್ಲೂ. ನೂರಿಪ್ಪತ್ತು ಮೈಲಿ ಜಾಸ್ತಿ ಇಟ್ಕೊಂಡೇ ಹೋಗೋದು ನಾನು. ಆವತ್ತು ತೇಲಿದ್ವಲ್ಲ, ಆವತ್ತಿಂದ. ನಿನಗೆ ನಿಜವಾದ ದೂರ ಹೇಳಿದ್ರೆ ನೀನು ಅದಕ್ಕೆ ಸರಿಯಾಗಿ ಸುಡ್ತೀಯ." ಅವರು ಕರವಸ್ತ್ರದಿಂದ ಪರದೆಯ ಮೇಲಿನ ಬೆರಳಿನ ಗುರುತು ಒರೆಸಿದರು. "ಫೋನು ಬಂದ ದಿನಾನೇ ಬಿಟ್ಟುಕೊಡೋಣ ಅಂದ್ಕೊಂಡೆ. ಲೆಕ್ಕ ಹಾಕ್ದೆ ಕಣೋ. ನಿನ್ನ ಏಳು ಸಾವಿರಕ್ಕೆ ಎಂಟೂವರೆ ಹೋದ್ರೆ ಐವತ್ತು ಲೀಟರ್ ಉಳಿಯೋದು. ಐವತ್ತು! ಅವಳು ಬಾಗಿಲು ನೋಡ್ತಾ ಇರ್ತಾಳೆ, ನಾವು ಇಲ್ಲಿ ನಿಂತಿರ್ತೀವಿ. ಅದಕ್ಕೇ ಸುಮ್ಮನಾದೆ. ಇನ್ನೊಂದು ಎಂಟುನೂರು, ಸಾವಿರ ಲೀಟರ್ ಇದ್ದಿದ್ರೆ..."

ಹನ್ನೊಂದು ವರ್ಷವೂ ದಡ ಹೇಳಿದ್ದಕ್ಕಿಂತ ಅರ್ಧ ದಿನ ಮುಂಚೆ ಕಾಣುತ್ತಿತ್ತು. ಪ್ರತಿಸಲವೂ ಭಾವ "ಪ್ರವಾಹ ಕೈಹಿಡೀತು ನೋಡು" ಎನ್ನುತ್ತಿದ್ದರು. ಪುಟ್ಟ ಆ ಪ್ರವಾಹಕ್ಕೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದ, ದಡ್ಡನ ಹಾಗೆ.

ಅವನು ಏಣಿಯ ಮೆಟ್ಟಿಲು ಎಣಿಸಿಕೊಂಡು ಇಳಿದ. ಲೆಕ್ಕ ಹಾಕಬಾರದು ಎಂದುಕೊಂಡರೂ ತಲೆ ಹಾಕಿಬಿಟ್ಟಿತು. ಭಾವನ ದೂರ, ತನ್ನ ಎಣ್ಣೆ, ಎಂಟೂವರೆ ನಾಟ್. ಎಂಟುನೂರ ಐವತ್ತು ಲೀಟರ್ ಮಿಗುತ್ತಿತ್ತು. ಕೆಸರಿನ ಮುನ್ನೂರು ಕಳೆದರೂ ಐನೂರ ಐವತ್ತು, ನಿಶ್ಚಿಂತೆಯಾಗಿ. ಫೋನು ಬಂದ ಗಳಿಗೆಯಲ್ಲೇ ಥ್ರಾಟಲನ್ನು ಒಂದು ಬೆರಳು ಹೆಚ್ಚು ತಳ್ಳಿದ್ದರೆ ಇವತ್ತು ಬೆಳಗಿನ ಜಾವ ಮೂರೂವರೆಗೆ ಅವರು ಕಟ್ಟೆಗೆ ಹಗ್ಗ ಕಟ್ಟಿರುತ್ತಿದ್ದರು. ಈಗ ಅಕ್ಕನ ಹಾಸಿಗೆಯ ಪಕ್ಕ ಇರುತ್ತಿದ್ದರು. ಪರವಾಗಿಲ್ಲ, ಇನ್ನೂ ಕಾಲ ಮೀರಿಲ್ಲ, ಆರು ಗಂಟೆ ಅಷ್ಟೇ, ಎಂದು ಅವನು ಇಂಜಿನ್ನಿಗೆ ಹೇಳಿದ, ಗಟ್ಟಿಯಾಗಿ. ಥ್ರಾಟಲನ್ನು ಹತ್ತಕ್ಕೆ ಏರಿಸಿದ. ಆದರೂ ಕೋಲಿನ ವಿಷಯ ಭಾವನಿಗೆ ಹೇಳಲಿಲ್ಲ. ಹೇಳಲು ಅವನಿಂದ ಆಗಲಿಲ್ಲ.

ಹನ್ನೆರಡೂವರೆಗೆ ಕಟ್ಟೆ ಮುಟ್ಟಿದರು. ಅಕ್ಕನ ಮಗಳು ಅಲ್ಲಿ ನಿಂತಿದ್ದಳು. ಆಸ್ಪತ್ರೆ ಬಿಟ್ಟು ಅವಳು ಇಲ್ಲಿಗೆ ಬಂದಿರುವುದನ್ನು ಕಂಡಕೂಡಲೇ ಏನಾಗಿದೆ ಎಂದು ಇಬ್ಬರಿಗೂ ಗೊತ್ತಾಯಿತು. ಭಾವನ ಕೈಯಲ್ಲಿದ್ದ ಹಗ್ಗ ಕಟ್ಟೆಗೆ ತಲುಪದೆ ನೀರಿಗೆ ಬಿತ್ತು. ಅವರು ಅದನ್ನು ಎಳೆದು ಸುತ್ತಿ ಮತ್ತೆ ಎಸೆದರು, ಅದು ಮತ್ತೆ ನೀರಿಗೇ ಬಿತ್ತು. ಮೂರನೆಯ ಸಲ ಪುಟ್ಟ ತಾನೇ ಹಾರಿ ಕಟ್ಟಿದ.

"ಬೆಳಿಗ್ಗೆ ಎಂಟೂವರೆಗೆ ಹೋದ್ಲು ಅಪ್ಪ," ಎಂದಳು ಹುಡುಗಿ. "ಏಳರ ತನಕ ಎಚ್ಚರ ಇದ್ಲು."

ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೆ ತಿರುಪು ಹಾಕಿ ಕೂರಿಸಿದ ಕುರ್ಚಿಗಳಿದ್ದವು. ಅಕ್ಕನ ಮುಖ ನೋಡಿ ಬಂದ ಮೇಲೆ ಭಾವ ತುದಿಯ ಕುರ್ಚಿಯಲ್ಲಿ ಕೂತರು. ನೆಲ ಅಲ್ಲಾಡುತ್ತಿಲ್ಲ ಎಂಬುದು ದೇಹಕ್ಕೆ ಇನ್ನೂ ತಿಳಿಯದೆ ಅವರು ಮೆಲ್ಲಗೆ ಆ ಕಡೆ ಈ ಕಡೆ ತೂಗುತ್ತಿದ್ದರು. ನುಣ್ಣಗೆ ಹೆರೆದ ಗಲ್ಲ ಒದ್ದೆಯಾಗಿತ್ತು. ಪುಟ್ಟ ಅಳಲಿಲ್ಲ. ಮುಖ ನೋಡಿದಾಗ, ಹೊದಿಕೆಯನ್ನು ಅವಳ ಪಾದದವರೆಗೆ ಎಳೆದಿದ್ದ. ಅವಳಿಗೆ ಯಾವಾಗಲೂ ಕಾಲು ತಣ್ಣಗಾಗುತ್ತಿತ್ತು.

ಹುಡುಗಿ ಅವನ ಪಕ್ಕ ಕೂತು ಮೂಗು ಒರೆಸಿಕೊಂಡಳು. "ಮಾಮ, ಒಂದು ಕೇಳ್ಲಾ? ಆವತ್ತು ನೀವು ಎಂಟರಲ್ಲಿ ಬರ್ತಿದೀರ ಅಂತ ಅಂದ್ನಲ್ಲ, ಅಮ್ಮ ತಲೆ ಅಲ್ಲಾಡಿಸಿದ್ಲು. 'ಇಬ್ಬರ ಹತ್ರಾನೂ ಇದೆ. ಒಬ್ಬರಿಗೊಬ್ಬರು ಹೇಳ್ಕೊಳ್ಳಕ್ಕೆ ಹೇಳು' ಅಂದ್ಲು. ಎರಡು ದಿನದಿಂದ ಅದೇ ಮಾತು. ಇವತ್ತು ಬೆಳಿಗ್ಗೆ ಕೂಡ. 'ಹೇಳಿದ್ಯಾ?' ಅಂತ ಕೇಳಿದ್ಲು, ನಾನು ಹೂಂ ಅಂದ್ಬಿಟ್ಟೆ. ಜ್ವರದಲ್ಲಿ ಬಡಬಡಿಸ್ತಾಳೆ ಅಂದ್ಕೊಂಡಿದ್ದೆ. ಏನು ಮಾಮ ಅದು? ನಾನು ಹೇಳಬೇಕಿತ್ತಾ?"

ಆವತ್ತು ಹೇಳಿದ್ದರೆ? ಎರಡು ದಿನದ ದಾರಿ ಉಳಿದಿತ್ತು, ಹತ್ತು ನಾಟಿನಲ್ಲಿ ಓಡಿಸುವಷ್ಟು ಎಣ್ಣೆ ಇತ್ತು. ಒಂಬತ್ತು ಗಂಟೆ ಮುಂಚೆ ಬರುತ್ತಿದ್ದರು. ಪುಟ್ಟನ ತಲೆ ಇದನ್ನೂ ಲೆಕ್ಕ ಹಾಕಿಯೇ ಬಿಟ್ಟಿತು. ಆ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳಬೇಕೆನಿಸಿತು. ಇಪ್ಪತ್ತನಾಲ್ಕು ವರ್ಷದ ಹುಡುಗಿ, ಒಂದು ವಾರದಿಂದ ನಿದ್ದೆಗೆಟ್ಟ ಕಣ್ಣು ಬಿಟ್ಟುಕೊಂಡು ಅವನ ಮುಖವನ್ನೇ ನೋಡುತ್ತಿದ್ದಳು.

"ಏನೂ ಇಲ್ಲಮ್ಮ," ಎಂದ. "ಹಳೇ ತಮಾಷೆ ಅದು. ನಾವು ಮೂವರೂ ಇಸ್ಪೀಟು ಆಡ್ತಿದ್ವಲ್ಲ, ಆವಾಗಿಂದು. ನೀನು ಹೇಳಿದ್ರೂ ಒಂದೇ, ಹೇಳದಿದ್ರೂ ಒಂದೇ."

ಹುಡುಗಿ ಅವನ ತೋಳಿಗೆ ತಲೆ ಒರಗಿಸಿದಳು. ಆ ತಲೆಯ ಮೇಲಿನಿಂದ ಪುಟ್ಟ ನೋಡಿದ. ತುದಿಯ ಕುರ್ಚಿಯಲ್ಲಿ ಭಾವ ತೂಗುವುದನ್ನು ನಿಲ್ಲಿಸಿದ್ದರು. ಅವರು ಇವನನ್ನು ನೋಡುತ್ತಿದ್ದರು. ಅಂತ್ಯಕ್ರಿಯೆ ಎಲ್ಲ ಮುಗಿಯುವವರೆಗೂ ಏನೂ ಕೇಳಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ದೋಣಿಯನ್ನು ಧಣಿಯ ಮನುಷ್ಯನಿಗೆ ಒಪ್ಪಿಸಬೇಕಿತ್ತು. ಟ್ಯಾಂಕಿನಲ್ಲಿ ಎಷ್ಟು ಎಣ್ಣೆ ಉಳಿದಿದೆ ಎಂದು ಬರೆದುಕೊಡುವ ಹಾಳೆಯೊಂದಿರುತ್ತದೆ. ಪುಟ್ಟ ಇಂಜಿನ್ ರೂಮಿನಲ್ಲಿ ಆ ಹಾಳೆ ಹಿಡಿದುಕೊಂಡು ಕೂತಿದ್ದಾಗ ಏಣಿಯ ಮೇಲೆ ಕಾಲಿನ ಸದ್ದಾಯಿತು. ಭಾವ ಇಳಿದು ಬಂದರು. ಈ ದೋಣಿಯ ಇಂಜಿನ್ ರೂಮಿಗೆ ಅವರು ಎಣ್ಣೆಯ ಕೆಲಸಕ್ಕೆಂದು ಇಳಿದದ್ದು ಅದೇ ಮೊದಲು. ತಲೆ ಎಲ್ಲಿ ತಗ್ಗಿಸಬೇಕೆಂದು ತಿಳಿಯದೆ ಪೈಪಿಗೆ ಹಣೆ ಬಡಿಸಿಕೊಂಡರು.

ಕೊಕ್ಕೆಯಿಂದ ಕೋಲು ತೆಗೆದುಕೊಂಡರು. ಮುಚ್ಚಳ ಬಿಚ್ಚಿ ನಿಧಾನವಾಗಿ ಇಳಿಸಿದರು, ತಳ ಮುಟ್ಟಿದ ಸದ್ದು ಬರುವವರೆಗೆ. ಎತ್ತಿ ಬೆಳಕಿಗೆ ಹಿಡಿದರು.

"ಇನ್ನೂರ ಅರವತ್ತೈದು," ಎಂದು ಓದಿದರು.

ಪುಟ್ಟ ಎದ್ದ. ಪೈಪುಗಳ ಹಿಂದೆ ಕೈ ಹಾಕಿ, ಬಟ್ಟೆ ಸುತ್ತಿದ ಇನ್ನೊಂದು ಕೋಲನ್ನು ತೆಗೆದು, ಬಟ್ಟೆ ಬಿಚ್ಚಿ, ಭಾವನ ಕೈಗೆ ಕೊಟ್ಟ. ಭಾವ ಅದನ್ನೂ ಇಳಿಸಿದರು. ಎತ್ತಿ ನೋಡಿದರು. ಈ ಸಲ ಗಟ್ಟಿಯಾಗಿ ಓದಲಿಲ್ಲ.

"ಪ್ರತಿ ಟ್ಯಾಂಕಿಗೂನಾ?"

"ಹೂಂ."

"ಅವಳಿಗೆ ಗೊತ್ತಿತ್ತಾ?"

"ಹೂಂ. ನಿಮ್ಮ ನಕ್ಷೆ?"

"ಅದೂ ಗೊತ್ತಿತ್ತು. ನಿನಗೆ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಿದ್ದೆ."

ಭಾವ ಬೈಯುತ್ತಾರೆ ಎಂದು ಪುಟ್ಟ ಕಾದ. ಬೈಯಲಿ, ಹೊಡೆಯಲಿ, ಏನಾದರೂ ಮಾಡಲಿ ಎಂದು ಬೇಡಿಕೊಂಡ. ಭಾವ ಎರಡೂ ಕೋಲುಗಳನ್ನು ಕೆಲಸದ ಮೇಜಿನ ಮೇಲೆ ಒಂದರ ಪಕ್ಕ ಒಂದು ಮಲಗಿಸಿದರು, ತುದಿಗೆ ತುದಿ ಸರಿಯಾಗಿ ಹೊಂದಿಸಿ. ಎರಡರಲ್ಲೂ ಒದ್ದೆಯಾದ ಜಾಗ ಒಂದೇ ಎತ್ತರಕ್ಕಿತ್ತು. ಗೀರುಗಳು ಮಾತ್ರ ಬೇರೆ ಬೇರೆ. ಭಾವ ಒಂದು ಕೋಲಿನ ಗೀರಿಗೂ ಇನ್ನೊಂದರ ಅದೇ ಗೀರಿಗೂ ನಡುವೆ ತಮ್ಮ ಬಲಗೈಯನ್ನು ಇಟ್ಟರು. ನಾಲ್ಕು ಬೆರಳು ಸರಿಯಾಗಿ ಹಿಡಿಸಿದವು.

ಅವರು ಕೈ ತೆಗೆಯಲಿಲ್ಲ. ಕೋಲಿನ ಎಣ್ಣೆ ಬೆರಳುಗಳ ಸಂದಿಗೆ ಮೆಲ್ಲಗೆ ಇಳಿಯುತ್ತಿತ್ತು. ಪುಟ್ಟನ ಕೈಯಲ್ಲಿ ಒರೆಸುವ ಬಟ್ಟೆ ಇತ್ತು. ಅವನು ಅದನ್ನು ಕೊಡಲಿಲ್ಲ, ಭಾವ ಕೇಳಲೂ ಇಲ್ಲ.